ಹಿಟ್ಟಿನ ಗಾಡಿ, ಕಾಳಿನ ಗಾಡಿ

ಉತ್ತರ ಅಮೆರಿಕದ ಬಯಲುಸೀಮೆಯ ಯಾವುದಾದರೂ ಊರಿನ ರೈಲ್ವೆ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತರೆ ಸಾಕು, ಕವರ್ಡ್ ಹಾಪರ್ ಎಂಬ ಗೂಡ್ಸ್ ವ್ಯಾಗನ್ ಕಣ್ಣಿಗೆ ಬೀಳದೆ ಇರುವುದಿಲ್ಲ. ಬೂದು, ಬಿಳಿ, ಕಾವಿ ಬಣ್ಣದ ಉದ್ದನೆಯ ಗಾಡಿ. ಎಲ್ಲ ಕಡೆಯೂ ಮುಚ್ಚಿದ್ದು. ಒಂದರ ಹಿಂದೆ ಒಂದು ನೂರು ಗಾಡಿ ಹಾದುಹೋದರೂ ಒಳಗೇನಿದೆ ಎಂಬುದು ಕಾಣುವುದಿಲ್ಲ. ಆ ಖಂಡದ ಹಳಿಗಳ ಮೇಲೆ ಅತಿ ಹೆಚ್ಚು ಸಂಖ್ಯೆಯಲ್ಲಿ ಓಡುವ ಗೂಡ್ಸ್ ಗಾಡಿ ಇದೇ. ಹಾಗಿದ್ದರೂ ಮಾದರಿ ರೈಲು ಕಟ್ಟುವ ಹವ್ಯಾಸಿಗಳು ಮೊದಲು ಮನಸೋಲುವುದು ಎಂಜಿನ್ನಿಗೆ, ಆಮೇಲೆ ಪ್ಯಾಸೆಂಜರ್ ಬೋಗಿಗಳಿಗೆ. ನನ್ನ ಮನಸ್ಸು ಹೋಗಿ ನಿಂತದ್ದು ಈ ಮುಚ್ಚಿದ ಗಾಡಿಯ ಮೇಲೆ. ಅದರೊಳಗಿನ ಸರಕು ಏನೆಂದು ಮೈ ನೋಡಿಯೇ ಹೇಳಬಹುದು. ಸರಕು ತಿಳಿದ ಮೇಲೆ ಆ ನಾಡಿನ ಹೊಲ, ಗಣಿ, ಗಿರಣಿ, ಕಾರ್ಖಾನೆಗಳೆಲ್ಲ ಒಂದೊಂದಾಗಿ ತಿಳಿಯುತ್ತಾ ಹೋಗುತ್ತವೆ.

ಗಾಡಿಯ ರಚನೆ ಸರಳ. ಛಾವಣಿಯಲ್ಲಿ ತೆರೆಯಬಹುದಾದ ಮುಚ್ಚಳಗಳು. ಅಲ್ಲಿಂದ ಸರಕು ಸುರಿಯುತ್ತಾರೆ. ಒಳಗೆ ಇಳಿಜಾರಾದ ತಗಡುಗಳು. ಅವು ಸರಕನ್ನು ಕೆಳಗಿನ ಕಿರಿದಾದ ಬಾಯಿಯತ್ತ ಜಾರಿಸುತ್ತವೆ. ಆ ಬಾಯಿಗೊಂದು ಗೇಟು. ಗೇಟು ಎಳೆದರೆ ಸರಕು ತನ್ನ ಭಾರದಿಂದಲೇ ಹಳಿಗಳ ನಡುವಿನ ಗುಂಡಿಗೆ ಇಳಿಯುತ್ತದೆ. ಮಳೆಗೆ ನೆನೆಯಬಾರದ, ಚೀಲವಿಲ್ಲದೆ ಹಾಗೆಯೇ ಸುರಿದು ಸಾಗಿಸಬಹುದಾದ ಯಾವ ಒಣ ಸರಕಿಗಾದರೂ ಇದು ಸೈ: ಗೋಧಿ, ಮೆಕ್ಕೆಜೋಳ, ಸೋಯಾ, ಹಿಟ್ಟು, ಸಕ್ಕರೆ, ಉಪ್ಪು, ಸಿಮೆಂಟು, ಮರಳು, ಪೊಟ್ಯಾಷ್, ಸೋಡಾ ಪುಡಿ, ಪ್ಲಾಸ್ಟಿಕ್ ಹರಳು.

ಆದರೆ ಒಂದೇ ಗಾಡಿಗೆ ಇವೆಲ್ಲ ಒಗ್ಗುವುದಿಲ್ಲ. ಒಂದೇ ಸೇರಿನಲ್ಲಿ ಉಪ್ಪನ್ನೂ ಮಂಡಕ್ಕಿಯನ್ನೂ ಅಳೆದವರಿಗೆ ಕಾರಣ ಹೇಳಬೇಕಿಲ್ಲ. ಹಳಿ ಮತ್ತು ಸೇತುವೆ ತಾಳುವ ಭಾರಕ್ಕೆ ಒಂದು ಮಿತಿ ಇದೆ. 1960ರ ದಶಕದಿಂದ ಬಹುಕಾಲ ನಾಲ್ಕು ಜೊತೆ ಗಾಲಿಯ ಒಂದು ಗಾಡಿ ಸರಕೂ ಸೇರಿ 2,63,000 ಪೌಂಡ್ ತೂಗಬಹುದಿತ್ತು. ಈಗ ಮುಖ್ಯ ಮಾರ್ಗಗಳಲ್ಲಿ ಅದು 2,86,000. ಗಾಡಿಯ ಸ್ವಂತ ತೂಕ ಕಳೆದರೆ ಸುಮಾರು 100 ಅಮೆರಿಕನ್ ಟನ್ ಸರಕಿಗೆ ಜಾಗ ಸಿಗುತ್ತದೆ. ಆ ತೂಕ ಮೀರದಂತೆ, ಒಳಗಿನ ಜಾಗವೂ ಪೋಲಾಗದಂತೆ ಗಾಡಿ ಕಟ್ಟಬೇಕು. ಸಿಮೆಂಟು ಭಾರ. ಅಮೆರಿಕದ ಒಂದು ಚೀಲ ಸಿಮೆಂಟು ಒಂದು ಘನ ಅಡಿ, ತೂಕ 94 ಪೌಂಡ್. ಗಾಳಿ ಸೇರಿ ಸಡಿಲವಾದಾಗ ಇನ್ನೂ ಸ್ವಲ್ಪ ಹಗುರ. ಅದಕ್ಕೆ ಸುಮಾರು 3,000 ಘನ ಅಡಿಯ, ಎರಡು ಬಾಯಿಯ ಗಿಡ್ಡ ಗಾಡಿ ಸಾಕು. ಮೆಕ್ಕೆಜೋಳ ಘನ ಅಡಿಗೆ 45 ಪೌಂಡ್, ಗೋಧಿ 48. ಅವುಗಳಿಗೆ ಮೂರು ಬಾಯಿಯ 4,750 ಘನ ಅಡಿಯ ಗಾಡಿ. ಪ್ಲಾಸ್ಟಿಕ್ ಹರಳು ಮತ್ತೂ ಹಗುರ, ಸುಮಾರು 35 ಪೌಂಡ್. ಅದಕ್ಕೆ ನಾಲ್ಕು ಬಾಯಿಯ, 6,000 ಘನ ಅಡಿಯ ಆಸುಪಾಸಿನ ಉದ್ದ ಗಾಡಿ ಬೇಕು. ಮೂರೂ ಹೊರುವ ಭಾರ ಹೆಚ್ಚುಕಡಿಮೆ ಒಂದೇ, ಮೈಕಟ್ಟು ಬೇರೆ ಬೇರೆ. 1:87 ಅಳತೆಯ ಎಚ್‌ಓ ಮಾದರಿಯಲ್ಲಿ ಇವನ್ನು ಪಕ್ಕಪಕ್ಕ ನಿಲ್ಲಿಸಿದರೆ ಸಿಮೆಂಟಿನದು ಸುಮಾರು 15 ಸೆಂಟಿಮೀಟರ್, ಕಾಳಿನದು 20, ಪ್ಲಾಸ್ಟಿಕ್ಕಿನದು 23. ಉದ್ದ ನೋಡಿ ಸರಕು ಹೇಳುವುದನ್ನು ಒಂದು ಸಂಜೆಯಲ್ಲಿ ಮಕ್ಕಳೂ ಕಲಿಯಬಲ್ಲರು.

ಉದ್ದದ ನಂತರ ನೋಡಬೇಕಾದದ್ದು ಛಾವಣಿ. ಕಾಳಿನ ಗಾಡಿಗೆ ಉದ್ದಕ್ಕೂ ಒಂದೇ ಸಾಲಿನಲ್ಲಿ ಹಬ್ಬಿದ ಮುಚ್ಚಳ ಇರುತ್ತದೆ. ಎಲಿವೇಟರ್ ಎಂಬ ಕಾಳಿನ ಉಗ್ರಾಣದ ಕೊಳವೆಯ ಕೆಳಗೆ ಗಾಡಿಯನ್ನು ಮೆಲ್ಲಗೆ ಮುಂದೆ ಎಳೆಯುತ್ತಾ ನಿಲ್ಲಿಸದೆ ತುಂಬಲು ಇದು ಅನುಕೂಲ. ಸಿಮೆಂಟು ಮತ್ತು ಪ್ಲಾಸ್ಟಿಕ್ಕಿನ ಗಾಡಿಗಳಿಗೆ ದುಂಡು ಮುಚ್ಚಳಗಳು. ಅವು ಬಿಗಿಯಾಗಿ ಕೂರುತ್ತವೆ, ತೇವವನ್ನೂ ಧೂಳನ್ನೂ ಒಳಗೆ ಬಿಡುವುದಿಲ್ಲ. ಛಾವಣಿಯ ಮೇಲೆ ನಡೆದಾಡಲು ಜಾಲರಿಯ ಹಲಗೆ ಇರುತ್ತದೆ. ಡಬ್ಬಿಯಾಕಾರದ ಬಾಕ್ಸ್ ಕಾರುಗಳ ಛಾವಣಿಗೆ ಇಂಥ ಹಲಗೆ ಬೇಡವೆಂದು 1966ರಲ್ಲಿ ನಿಯಮ ಬದಲಾಯಿತು. ಹಾಪರಿನಲ್ಲಿ ಮಾತ್ರ ಅದು ಉಳಿಯಿತು, ಏಕೆಂದರೆ ಮುಚ್ಚಳ ತೆರೆಯುವವನು ಮೇಲೆ ಹತ್ತಲೇಬೇಕು. ಮಾದರಿ ಕಟ್ಟುವವರು ಹಿತ್ತಾಳೆ ಅಥವಾ ಉಕ್ಕಿನ ತೆಳು ತಗಡಿನಲ್ಲಿ ಕೊರೆದ ಈ ಜಾಲರಿಯನ್ನು ಅಂಟಿಸಲು ಸಂಜೆಗಟ್ಟಲೆ ಕೂರುವುದು ಸುಮ್ಮನೆ ಅಲ್ಲ. ಅದರ ತೂತುಗಳ ಮೂಲಕ ಕೆಳಗಿನ ಛಾವಣಿ ಕಂಡಾಗ ಗಾಡಿ ಆಟಿಕೆಯಾಗಿ ಉಳಿಯುವುದಿಲ್ಲ.

ಕೆಳಭಾಗದಲ್ಲಿ ಇನ್ನೊಂದು ಗುರುತಿದೆ. ಕಾಳು ಗೇಟು ಎಳೆದರೆ ಇಳಿಯುತ್ತದೆ. ಪ್ಲಾಸ್ಟಿಕ್ ಹರಳನ್ನು ಕೊಳವೆ ಜೋಡಿಸಿ ಗಾಳಿಯಿಂದ ಹೀರುತ್ತಾರೆ. ಹಿಟ್ಟಿನ ಸಮಸ್ಯೆ ಬೇರೆ: ಅದು ಜಾರುವುದಿಲ್ಲ, ಒತ್ತಿಕೊಂಡು ಗಟ್ಟಿಯಾಗಿ ಕೂರುತ್ತದೆ. ಜನರಲ್ ಅಮೆರಿಕನ್ ಕಂಪನಿ 1954ರಲ್ಲಿ ಏರ್‌ಸ್ಲೈಡ್ ಎಂಬ ಗಾಡಿ ತಂದು ಇದನ್ನು ಬಗೆಹರಿಸಿತು. ಅದರ ತಳದಲ್ಲಿ ಗಾಳಿಯಾಡುವ ನೇಯ್ಗೆಯ ಬಟ್ಟೆ ಹಾಸಿರುತ್ತದೆ. ಅದರಡಿಯಿಂದ ಮೆಲ್ಲಗೆ ಗಾಳಿ ಊದಿದರೆ ಹಿಟ್ಟಿನ ಕಣಕಣದ ನಡುವೆ ಗಾಳಿ ಹೊಕ್ಕು ಇಡೀ ರಾಶಿ ನೀರಾಗಿ ಹರಿಯುತ್ತದೆ. ಮಿನಿಯಾಪೊಲಿಸ್ಸಿನಂಥ ಗಿರಣಿ ಊರುಗಳಿಂದ ದೊಡ್ಡ ಬೇಕರಿಗಳಿಗೆ ಹಿಟ್ಟು ಚೀಲವಿಲ್ಲದೆ ಹೋಗತೊಡಗಿದ್ದು ಹೀಗೆ. ಊರಿನಲ್ಲೊಂದು ಬೇಕರಿಯ ಮಾದರಿ ಕಟ್ಟಿ, ಅದರ ಹಿಂದೆ ಒಂದು ಏರ್‌ಸ್ಲೈಡ್ ನಿಲ್ಲಿಸಿ ನೋಡಿ. ಬೆಳಗಿನ ಬ್ರೆಡ್ಡು ಎಲ್ಲಿಂದ ಬರುತ್ತದೆ ಎಂಬುದು ಮಾತಿಲ್ಲದೆ ಅರ್ಥವಾಗುತ್ತದೆ.

ಕಾಳು ಈ ಗಾಡಿಗೆ ಬಂದದ್ದು ತಡವಾಗಿ. 1950ರ ದಶಕದವರೆಗೂ ಅಮೆರಿಕದ ಗೋಧಿ, ಮೆಕ್ಕೆಜೋಳ ಹೆಚ್ಚಾಗಿ ಸಾಗುತ್ತಿದ್ದುದು 40 ಅಡಿಯ ಸಾಧಾರಣ ಬಾಕ್ಸ್ ಕಾರಿನಲ್ಲಿ. ಅದರ ಪಕ್ಕದ ಬಾಗಿಲಿಗೆ ಒಳಗಿನಿಂದ ಹಲಗೆ ಬಡಿದು, ಮುಂದೆ ಮುಂದೆ ಉಕ್ಕಿನ ಪಟ್ಟಿ ಹಾಕಿದ ದಪ್ಪ ಕಾಗದ ಕಟ್ಟಿ, ಮೇಲೆ ಉಳಿದ ಸಂದಿನಿಂದ ಕಾಳು ತುಂಬುತ್ತಿದ್ದರು. ದಾರಿಯುದ್ದಕ್ಕೂ ಸೋರಿಕೆ. ಮುಟ್ಟಿದ ಮೇಲೆ ಹಲಗೆ ಒಡೆದು ಸಲಿಕೆಯಿಂದ ಎಳೆದು ಹಾಕಬೇಕಿತ್ತು. ಇದನ್ನು ಬದಲಿಸಿದ್ದರಲ್ಲಿ ಸದರ್ನ್ ರೈಲ್ವೆಯ ಪಾಲು ದೊಡ್ಡದು. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಕೋಳಿ ಸಾಕಣೆ ಬೆಳೆಯುತ್ತಿತ್ತು, ಮೇವಿನ ಕಾಳು ಸಾಲುತ್ತಿರಲಿಲ್ಲ. ಹೊರಗಿನಿಂದ ಕಾಳು ತರುವ ಸಾಗಣೆ ಹೆಚ್ಚಾಗಿ ಲಾರಿಗಳಿಗೂ ಟೆನ್ನೆಸ್ಸಿ ನದಿಯ ದೋಣಿಗಳಿಗೂ ಹೋಗುತ್ತಿತ್ತು. ಡಿ. ಡಬ್ಲ್ಯೂ. ಬ್ರಾಸ್ನನ್ ಮುಂದಾಳುತನದಲ್ಲಿ ಸದರ್ನ್ ಕಂಪನಿ ‘ಬಿಗ್ ಜಾನ್’ ಎಂದು ಹೆಸರಾದ ದೈತ್ಯ ಅಲ್ಯೂಮಿನಿಯಂ ಹಾಪರುಗಳನ್ನು ಇಳಿಸಿತು. ಗಾಡಿಯ ಮೈ ಹಗುರವಾದಷ್ಟೂ ಹೊರುವ ಕಾಳು ಹೆಚ್ಚು. 1961ರಲ್ಲಿ ಕಂಪನಿ ಕಾಳಿನ ಬಾಡಿಗೆಯನ್ನು ಸುಮಾರು ಶೇಕಡಾ 60ರಷ್ಟು ಇಳಿಸಲು ಹೊರಟಿತು. ದೋಣಿ ಸಾಗಣೆಯವರು ವಿರೋಧಿಸಿದರು, ದರ ನಿಯಂತ್ರಿಸುವ ಸರ್ಕಾರಿ ಆಯೋಗ ತಡೆ ಹಾಕಿತು, ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1963ರಲ್ಲಿ ತೀರ್ಪು ರೈಲ್ವೆಯ ಕಡೆಗಾಯಿತು, ಇಳಿಸಿದ ದರ ಜಾರಿಗೆ ಬಂತು. ಒಂದು ವ್ಯಾಗನ್ನಿನ ವಿನ್ಯಾಸ ದೇಶದ ಅತ್ಯುನ್ನತ ನ್ಯಾಯಾಲಯದ ಬಾಗಿಲು ತಟ್ಟಿದ ಈ ಕಥೆ ತಿಳಿದ ಮೇಲೆ, 1955ರ ಕಾಲದ್ದೆಂದು ಹೇಳಿಕೊಳ್ಳುವ ಮಾದರಿ ರೈಲಿನ ಲೇಔಟಿನಲ್ಲಿ ಬಿಗ್ ಜಾನ್ ಓಡುವುದನ್ನು ನನ್ನ ಕಣ್ಣು ಒಪ್ಪುವುದಿಲ್ಲ.

ಕೆನಡಾದ ಕಥೆ ಬೇರೆ. ಅಲ್ಲಿ ಕಾಳಿನ ಬಾಡಿಗೆ 1897ರ ಕ್ರೋಸ್ ನೆಸ್ಟ್ ಒಪ್ಪಂದದ ಹಳೆಯ ದರಕ್ಕೆ ಕಟ್ಟುಬಿದ್ದಿತ್ತು. ಆ ದರಕ್ಕೆ ಹೊಸ ಗಾಡಿ ಕೊಳ್ಳಲು ರೈಲ್ವೆಗಳಿಗೆ ಮನಸ್ಸಿರಲಿಲ್ಲ. 1972ರಿಂದ ಸರ್ಕಾರವೇ ಸಾವಿರಾರು ಗಾಡಿಗಳನ್ನು ಕೊಂಡು ಕೊಟ್ಟಿತು. ಉರುಟು ಮೈಯ, ‘ಕೆನಡಾ’ ಎಂದು ದೊಡ್ಡದಾಗಿ ಬರೆದ ಆ ಗಾಡಿಗಳು ಪ್ರೇರಿ ಬಯಲಿನ ಗೋಧಿಯನ್ನು ಬಂದರಿಗೆ ಹೊತ್ತವು. ಇಂಟರ್‌ಮೌಂಟನ್ ಕಂಪನಿ ಇವುಗಳ ಎಚ್‌ಓ ಮಾದರಿ ತಂದಾಗ ಕೆನಡಾದ ಹವ್ಯಾಸಿಗಳು ಅವನ್ನು ರೈಲುಗಟ್ಟಲೆ ಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅವರ ರೈತರ ಕಾಲು ಶತಮಾನದ ಬದುಕು ಆ ಗಾಡಿಗಳಲ್ಲಿ ಓಡಿದೆ.

ಸರಕಿನ ಬೆನ್ನು ಹತ್ತಿದರೆ ಭೂಪಟ ತಾನಾಗಿ ಬಿಚ್ಚಿಕೊಳ್ಳುತ್ತದೆ. ವಯೋಮಿಂಗಿನ ಗ್ರೀನ್ ರಿವರ್ ಸುತ್ತ ಜಗತ್ತಿನ ಅತಿ ದೊಡ್ಡ ಟ್ರೋನಾ ಎಂಬ ಖನಿಜದ ನಿಕ್ಷೇಪವಿದೆ. ಅದರಿಂದ ತೆಗೆದ ಸೋಡಾ ಪುಡಿ ಯೂನಿಯನ್ ಪೆಸಿಫಿಕ್ ಹಳಿಯ ಮೇಲೆ ಗಾಜಿನ ಕಾರ್ಖಾನೆಗಳಿಗೆ ಹೋಗುತ್ತದೆ. ಜಾರ್ಜಿಯಾದ ಸ್ಯಾಂಡರ್ಸ್‌ವಿಲ್ ಬಳಿ ಬಿಳಿ ಜೇಡಿಮಣ್ಣು ಅಗೆಯುತ್ತಾರೆ. ಮಾಸಪತ್ರಿಕೆಗಳ ನುಣುಪು ಕಾಗದಕ್ಕೆ ಹೊಳಪು ಬರುವುದು ಅಂಥ ಮಣ್ಣಿನ ಲೇಪದಿಂದ. ಟೆಕ್ಸಾಸಿನ ಕರಾವಳಿಯ ಪೆಟ್ರೋಕೆಮಿಕಲ್ ಘಟಕಗಳು ದಿನರಾತ್ರಿ ಪ್ಲಾಸ್ಟಿಕ್ ಹರಳು ತಯಾರಿಸುತ್ತವೆ. ಕೊಳ್ಳುವವರು ಸಿಗುವವರೆಗೆ ಆ ಸರಕನ್ನು ಗಾಡಿಯಲ್ಲೇ ಇಟ್ಟು ಡೇಟನ್ನಿನಂಥ ಊರುಗಳ ಯಾರ್ಡುಗಳಲ್ಲಿ ನಿಲ್ಲಿಸುತ್ತಾರೆ. ಗಾಡಿಯೇ ಗೋದಾಮು. ಟಯರಿಗೆ ಬೇಕಾದ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿಗೆ ಮೀಸಲಾದ ಗಾಡಿಗಳಿವೆ. ಒಮ್ಮೆ ಮಸಿ ಹೊತ್ತ ಗಾಡಿಗೆ ಬೇರೆ ಸರಕು ಹಾಕುವಂತಿಲ್ಲ. ಸಾಸ್ಕಾಚೆವಾನ್ ಪ್ರಾಂತದ ಆಳದ ಗಣಿಗಳಿಂದ ಬರುವುದು ಪೊಟ್ಯಾಷ್. ಅದು ಭಾರದ ಸರಕಾದ್ದರಿಂದ ಗಾಡಿ ಗಿಡ್ಡ. ಆ ರೈಲು ಪೆಸಿಫಿಕ್ ಕರಾವಳಿಯ ಬಂದರು ಸೇರಿದ ಮೇಲೆ ಸರಕು ಹಡಗೇರುತ್ತದೆ. ಭಾರತ ತನಗೆ ಬೇಕಾದ ಪೊಟ್ಯಾಷನ್ನು ಹೊರದೇಶಗಳಿಂದಲೇ ತರಿಸಿಕೊಳ್ಳುತ್ತದೆ, ಕೆನಡಾ ಅಂಥ ದೇಶಗಳಲ್ಲೊಂದು. ಸೊಸೈಟಿಯಲ್ಲಿ ಸಾಲು ನಿಂತು ಕೊಂಡ ಕೆಂಪು ಪೊಟ್ಯಾಷನ್ನು ಬಾಳೆಯ ಬುಡಕ್ಕೆ ಹಾಕುವ ನಮ್ಮ ರೈತನಿಗೂ ಆ ಗಿಡ್ಡ ಗಾಡಿಗೂ ಹೀಗೊಂದು ನಂಟಿದೆ.

ಇನ್ನು ಮಾದರಿಯ ಮಾತು. ನಮ್ಮ ಮನೆಯ ನೆಲಮಾಳಿಗೆಯಲ್ಲಿ ಇಲಿನಾಯ್ಸ್ ರಾಜ್ಯದ ಒಂದು ಕವಲು ಹಳಿ ಇದೆ. ಕಾಲ 1976ರ ಅಕ್ಟೋಬರ್. ತಿಂಗಳನ್ನು ಹೀಗೆ ಗೊತ್ತುಮಾಡುವುದಕ್ಕೆ ಅರ್ಥವಿದೆ. ಗೋಧಿಯ ಸುಗ್ಗಿ ಮೇ ಕೊನೆಗೆ ಟೆಕ್ಸಾಸಿನಲ್ಲಿ ಶುರುವಾಗಿ, ಜೂನಿನಲ್ಲಿ ಕಾನ್ಸಾಸ್ ದಾಟಿ, ಆಗಸ್ಟಿನ ಹೊತ್ತಿಗೆ ಉತ್ತರದ ಗಡಿ ಮುಟ್ಟುತ್ತದೆ. ಇಲಿನಾಯ್ಸ್, ಅಯೋವಾದ ಮೆಕ್ಕೆಜೋಳ, ಸೋಯಾ ಕೊಯ್ಲಿಗೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಎಲಿವೇಟರುಗಳ ಮುಂದೆ ಲಾರಿಗಳ ಸಾಲು, ಖಾಲಿ ಗಾಡಿಗಾಗಿ ಎಲ್ಲರ ಕೂಗು. ವರ್ಷ ಗೊತ್ತಾದರೆ ಬಣ್ಣವೂ ಗೊತ್ತಾಗುತ್ತದೆ. ದಿವಾಳಿಯೆದ್ದಿದ್ದ ರಾಕ್ ಐಲೆಂಡ್ ರೈಲ್ವೆ 1975ರಲ್ಲಿ ತನ್ನ ಗಾಡಿಗಳಿಗೆ ತಿಳಿನೀಲಿ ಬಳಿಯತೊಡಗಿತ್ತು. 1980ರ ಮಾರ್ಚಿನಲ್ಲಿ ಆ ರೈಲ್ವೆಯೇ ನಿಂತುಹೋಯಿತು. ನನ್ನ ಎಲಿವೇಟರಿನ ಮುಂದೆ ನಿಂತ ಹೊಸ ನೀಲಿ ಗಾಡಿ ಆ ಕೊನೆಯ ವರ್ಷಗಳ ಸಾಕ್ಷಿ.

ಕಲ್ಲಿದ್ದಲಿನ ತೆರೆದ ಗಾಡಿಯಲ್ಲಿ ತುಂಬಿದ್ದಕ್ಕೂ ಖಾಲಿಗೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಗಣಿಗೆ ಹೋಗುವಾಗ ಕಲ್ಲಿದ್ದಲು ತೆಗೆದು, ಬರುವಾಗ ಹಾಕದಿದ್ದರೆ ಆಟ ಕೆಡುತ್ತದೆ. ಕವರ್ಡ್ ಹಾಪರಿಗೆ ಆ ತೊಂದರೆ ಇಲ್ಲ. ಮುಚ್ಚಳ ಮುಚ್ಚಿದ ಮೇಲೆ ತುಂಬಿದ್ದೂ ಖಾಲಿಯೂ ಒಂದೇ. ಹಾಗಾದರೆ ಗಾಡಿಗೆ ಸರಕು ಎಲ್ಲಿಂದ ಬರುತ್ತದೆ? ಚೀಟಿಯಿಂದ. ಪ್ರತಿ ಗಾಡಿಗೊಂದು ಕಾರ್ಡು, ಅದರಲ್ಲೊಂದು ಸಾಗಣೆ ಚೀಟಿ: ಸರಕು ಏನು, ಎಲ್ಲಿಂದ, ಎಲ್ಲಿಗೆ. 1961ರ ಡಿಸೆಂಬರ್ ತಿಂಗಳ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಡಗ್ ಸ್ಮಿತ್ ವಿವರಿಸಿದ ಈ ಪದ್ಧತಿ ಇಂದಿಗೂ ಸಾವಿರಾರು ನೆಲಮಾಳಿಗೆಗಳಲ್ಲಿ ನಡೆಯುತ್ತಿದೆ.

ಹುಬ್ಬಳ್ಳಿಯ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಒಮ್ಮೆ ಬಂದಿದ್ದರು. ಲೇಔಟಿನ ಸುತ್ತ ಒಂದು ಸುತ್ತು ಹಾಕಿ, “ಇವೆಲ್ಲಾ ಮುಚ್ಚಿದ ಡಬ್ಬಿ ಅದಾವಲ್ಲೋ ತಮ್ಮಾ, ಒಳಗ ಏನರ ಐತೇನು?” ಎಂದರು.

“ಚೀಟಿ ಓದ್ರಿ ಮಾಮಾ” ಎಂದು ಕೈಗೆ ಕೊಟ್ಟೆ. ಗೋವಿನಜೋಳ; ನಮ್ಮೂರ ಎಲಿವೇಟರಿನಿಂದ ಜಾರ್ಜಿಯಾದ ಗೇನ್ಸ್‌ವಿಲ್ಲಿನ ಕೋಳಿ ಆಹಾರದ ಗಿರಣಿಗೆ.

ಅವರು ಕುರ್ಚಿ ಎಳೆದುಕೊಂಡು ಕೂತರು. “ಹಸಿ ಎಷ್ಟಕ್ಕ ತಗೋತಾರ? ತೂಕ ಎಲ್ಲಿ ಮಾಡ್ತಾರ? ದಾರ್ಯಾಗ ಸೋರಿದ್ರ ಲುಕ್ಸಾನ ಯಾರ ತಲಿ ಮ್ಯಾಲೆ?”

ಲಾರಿಯ ರಾಶಿಯೊಳಗೆ ಕೊಳವೆ ಚುಚ್ಚಿ ಮಾದರಿ ತೆಗೆದು ತೇವ ನೋಡುತ್ತಾರೆ, ಶೇಕಡಾ 15ರ ಆಸುಪಾಸಿಗೆ ಬರುವವರೆಗೆ ಯಂತ್ರದಲ್ಲಿ ಒಣಗಿಸುತ್ತಾರೆ, ಎಲಿವೇಟರಿನಲ್ಲೇ ತೂಕ ಮಾಡಿ ಗಾಡಿಗೆ ಬಿಡುತ್ತಾರೆ ಎಂದೆಲ್ಲ ಹೇಳಿದೆ. ಚೀಲ, ಹಮಾಲರು, ಹೊಲಿಗೆ ಏನೂ ಇಲ್ಲದೆ ಕಾಳು ಅಷ್ಟು ದೂರ ಹೋಗುವುದು ಅವರಿಗೆ ಬಹಳ ಹಿಡಿಸಿತು. ನಮ್ಮಲ್ಲೂ ಅದು ಶುರುವಾಗಿದೆ. ಪಂಜಾಬಿನ ಮೊಗಾ ಸೈಲೋಗಳಿಂದ ಆಹಾರ ನಿಗಮದ ಗೋಧಿ ಮೇಲಿನಿಂದ ತುಂಬಿ ಕೆಳಗಿನಿಂದ ಸುರಿಯುವ ಮುಚ್ಚಿದ ವ್ಯಾಗನ್ನುಗಳಲ್ಲಿ ಬೆಂಗಳೂರಿನವರೆಗೂ ಬರುವ ವ್ಯವಸ್ಥೆ ಇದೆ. ಆದರೂ ದೇಶದ ಹೆಚ್ಚಿನ ಧಾನ್ಯ ಗೋಣಿಚೀಲದಲ್ಲಿ, ಹಮಾಲರ ಬೆನ್ನಿನ ಮೇಲೆ ಗೂಡ್ಸ್ ಶೆಡ್ಡಿಗೆ ಬರುವುದು ಇನ್ನೂ ನಿಂತಿಲ್ಲ. ಮಾಮಾ ಎದ್ದು ಕಂಟ್ರೋಲರ್ ತೆಗೆದುಕೊಂಡು ಆ ಗಾಡಿಯನ್ನು ತಾವೇ ಎಳೆದು ಪರದೆಯ ಹಿಂದಿನ ಹಳಿಗೆ ಮುಟ್ಟಿಸಿದರು. ಅಲ್ಲಿಂದಾಚೆ ಜಾರ್ಜಿಯಾ ಎಂದು ನಮ್ಮ ಒಪ್ಪಂದ. ನಾಟಕರಂಗದಿಂದ ಈ ಹವ್ಯಾಸಕ್ಕೆ ಬಂದ ಫ್ರಾಂಕ್ ಎಲಿಸನ್ ತಮ್ಮ ಡೆಲ್ಟಾ ಲೈನ್ಸ್ ಲೇಔಟನ್ನು ರಂಗಮಂಚವೆಂದೂ ರೈಲುಗಳನ್ನು ಪಾತ್ರಧಾರಿಗಳೆಂದೂ 1940ರ ದಶಕದಲ್ಲೇ ಬರೆದಿದ್ದರು. ಪಾತ್ರಕ್ಕೆ ಮಾತು ಕೊಡುವುದು ಸರಕು ಎಂಬುದು ನನಗೆ ಖಚಿತವಾದದ್ದು ಮಾಮಾ ಕೇಳಿದ ಮೂರು ಪ್ರಶ್ನೆಗಳಿಂದ.

ಗಾಡಿ ಮುಚ್ಚಿರುವುದರಿಂದ ಕಟ್ಟುವವನಿಗೆ ಒಂದು ಲಾಭವೂ ಇದೆ. ಪ್ಲಾಸ್ಟಿಕ್ಕಿನ ಮಾದರಿ ಹಗುರವಾದರೆ ತಿರುವಿನಲ್ಲಿ ಹಳಿ ತಪ್ಪುತ್ತದೆ. 1935ರಲ್ಲಿ ಹುಟ್ಟಿದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ ಎಚ್‌ಓ ಗಾಡಿಗಳಿಗೆ ತೂಕದ ಸೂತ್ರ ಕೊಟ್ಟಿದೆ: ಮೊದಲಿಗೆ ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್. ಎಂಟು ಅಂಗುಲದ ಕಾಳಿನ ಗಾಡಿ ಐದು ಔನ್ಸ್, ಅಂದರೆ ಸುಮಾರು 140 ಗ್ರಾಂ ತೂಗಬೇಕು. ತೆರೆದ ಗಾಡಿಯಲ್ಲಿ ಆ ತೂಕ ಅಡಗಿಸುವುದು ಕಷ್ಟ. ಹಾಪರಿನ ಛಾವಣಿ ಅಂಟಿಸುವ ಮೊದಲು ಇಳಿಜಾರು ತಗಡಿನ ಮೇಲೆ ಉಕ್ಕಿನ ಬಿಲ್ಲೆಗಳನ್ನು ಅಂಟಿಸಿದರೆ ಮುಗಿಯಿತು.

ಕೊನೆಯ ಕೆಲಸ ಮೈಯ ಕಲೆ. ಇದನ್ನೂ ಸರಕೇ ನಿರ್ಧರಿಸಬೇಕು. ಸಿಮೆಂಟಿನ ಗಾಡಿಯಲ್ಲಿ ಮುಚ್ಚಳದ ಸುತ್ತ ಚೆಲ್ಲಿದ ಪುಡಿ ಮಳೆಗೆ ಕಲಸಿ, ಪಕ್ಕದ ತಗಡಿನ ಮೇಲೆ ಇಳಿದು, ಬೂದು ಗೆರೆಗಳಾಗಿ ಗಟ್ಟಿಯಾಗುತ್ತದೆ. ಜೇಡಿಮಣ್ಣಿನ ಗಾಡಿಗೆ ಬಿಳಿ ಗೆರೆ, ಪೊಟ್ಯಾಷಿಗೆ ಕೆಂಪು ಛಾಯೆ, ಮಸಿಪುಡಿಯ ಗಾಡಿಗೆ ಮೈಯೆಲ್ಲ ಕಪ್ಪು. ಕಾಳಿನ ಗಾಡಿಯ ತುದಿಯ ಕಟ್ಟೆಯ ಮೇಲೆ ಉಳಿದ ಕಾಳು ಮಳೆಗಾಲದಲ್ಲಿ ಮೊಳೆಯುತ್ತದೆ. ಹಳಿಗಳ ನಡುವೆ ಚೆಲ್ಲಿದ್ದು ಹಸುರು ಸಾಲಾಗಿ ಏಳುತ್ತದೆ. ಪ್ಲಾಸ್ಟಿಕ್, ಹಿಟ್ಟು, ಸಕ್ಕರೆಯ ಗಾಡಿಗಳನ್ನು ಶುಚಿಯಾಗಿ ಇಡಬೇಕು. ಎಲ್ಲಕ್ಕೂ ಒಂದೇ ಕಂದು ತುಕ್ಕು ಬಳಿದರೆ ಗಾಡಿ ಹಳತಾಗಿ ಕಾಣುತ್ತದೆಯೇ ಹೊರತು ದುಡಿದಂತೆ ಕಾಣುವುದಿಲ್ಲ.

ಈ ಹವ್ಯಾಸಕ್ಕೆ ಹೊಸದಾಗಿ ಕಾಲಿಡುವವರಿಗೆ ನನ್ನದೊಂದು ಕೋರಿಕೆ ಇದೆ. ಅಂಗಡಿಯಲ್ಲಿ ಬಣ್ಣ ನೋಡಿ ಗಾಡಿ ಕೊಳ್ಳಬೇಡಿ. ಮೊದಲು ನಿಮ್ಮ ಊರು ಯಾವುದು, ವರ್ಷ ಯಾವುದು, ತಿಂಗಳು ಯಾವುದು ಎಂದು ಒಂದು ಕಾಗದದ ಮೇಲೆ ಬರೆಯಿರಿ. ಆ ಊರು ಏನು ಬೆಳೆಯುತ್ತದೆ, ಏನು ತರಿಸಿಕೊಳ್ಳುತ್ತದೆ ಎಂದು ಅದರ ಕೆಳಗೆ ಬರೆಯಿರಿ. ಒಂದು ಎಲಿವೇಟರ್, ಒಂದು ಸಿಮೆಂಟ್ ಡಿಪೋ, ಸೈಲೋ ಇರುವ ಒಂದು ಪ್ಲಾಸ್ಟಿಕ್ ಕಾರ್ಖಾನೆ ಇದ್ದರೆ ಮೂರು ಬಗೆಯ ಹಾಪರುಗಳಿಗೂ ವರ್ಷವಿಡೀ ಕೆಲಸ ಸಿಗುತ್ತದೆ. ಗಾಡಿ ಕೊಳ್ಳುವುದು ಅದಾದ ಮೇಲೆ. ಸರಕು ಗೊತ್ತಿಲ್ಲದ ಐವತ್ತು ಗಾಡಿಗಳಿಗಿಂತ ಸರಕು ಗೊತ್ತಿರುವ ಐದು ಗಾಡಿ ಮೇಲು.